ಶುಲ್ಕದ ಆಚೆಗಿನ ಖರ್ಚು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತೆಯನ್ನು ವೇದಿಕೆಗೆ ಕರೆದರೆ ಅವನು ಲೆಕ್ಕವನ್ನಲ್ಲದೆ ಬೇರೇನನ್ನು ಹೇಳಿಯಾನು? ರಾಜ್ಯೋತ್ಸವದ ದಿನ ಪಂಪ ರನ್ನರನ್ನು ಬಿಟ್ಟು ಪರದೇಶದ ಹೆತ್ತವರ ಚಂದಾ ಪುಸ್ತಕ ಬಿಚ್ಚುತ್ತಿದ್ದೇವೆಂದು ತಾವು ಬೇಸರಪಡಬಾರದಾಗಿ ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ನಮ್ಮ ಮುಂಬಯಿ ಕನ್ನಡಿಗರ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕದಲ್ಲಿ ಓದುತ್ತಿದ್ದಾರೆ. ಅವರ ಶುಲ್ಕ ಕಳುಹಿಸುವ ಕಾಗದಗಳು ನಮ್ಮ ಮೇಜಿಗೂ ಬರುತ್ತವೆ. ಒಂದು ದಿನ ಟೆಕ್ಸಾಸಿನಲ್ಲಿ ಮಗನನ್ನು ಓದಿಸುತ್ತಿರುವ ತಾಯಿಯೊಬ್ಬರು ಶುಲ್ಕದ ಜೊತೆಗೆ ಇನ್ನೂ 25 ಡಾಲರು ಸೇರಿಸಬಹುದೇ ಎಂದು ಕೇಳಿದರು. ಏತಕ್ಕೆಂದರೆ, "ಅಲ್ಲಿ ಅಮ್ಮಂದಿರದೇ ಒಂದು ಸಂಘವಿದೆಯಂತೆ, ಮಕ್ಕಳ ಆಟಪಾಟಕ್ಕೆ ಕೊಡುತ್ತಾರಂತೆ" ಎಂದರು. ಉದ್ದೇಶ ಬೇರೆಯಾದರೆ ಫಾರಮೂ ಬೇರೆಯಮ್ಮ ಎಂದು ನಿಯಮ ಹೇಳಿ ಕಳುಹಿಸಿದೆವು. ಫಾರಮು ಹೋಯಿತು, ಕುತೂಹಲ ನಮ್ಮಲ್ಲೇ ಉಳಿಯಿತು.

ವಿಚಾರಿಸಲಾಗಿ ತಿಳಿದದ್ದು ಇದು. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾನಿಲಯವು 1876ರಲ್ಲಿ ಬೇಸಾಯ ಮತ್ತು ಯಂತ್ರವಿದ್ಯೆಯ ಕಾಲೇಜಾಗಿ ಬಾಗಿಲು ತೆರೆಯಿತು. ಬಹುಕಾಲ ಅದು ಗಂಡುಹುಡುಗರ ಕಾಲೇಜು, ಸಿಪಾಯಿ ಶಿಸ್ತು, ಹೆಣ್ಣುಮಕ್ಕಳಿಗೆ ಮಿತಿಯೊಳಗಾದರೂ ಅಧಿಕೃತ ಪ್ರವೇಶ ದೊರೆಯಲು 1963 ಬರಬೇಕಾಯಿತು. ಆ ಗಂಡುಹುಡುಗರ ಕಾಲದಲ್ಲೇ, 1922ರಲ್ಲಿ, ಡಲ್ಲಾಸ್ ನಗರದ ಕೆಲವು ತಾಯಂದಿರು ಒಟ್ಟು ಕೂಡಿದರು. ಮಕ್ಕಳು ಸುಮಾರು 300 ಕಿಲೋಮೀಟರು ದೂರದಲ್ಲಿ, ಇವರು ಊರಿನಲ್ಲಿ. ಒಬ್ಬಳು ತಾಯಿ ತನ್ನ ಮಗನಿಗೆ ತಿಂಡಿ ಕಟ್ಟಿ ಕಳುಹಿಸಬಲ್ಲಳು; ಎಲ್ಲರೂ ಸೇರಿದರೆ ಎಲ್ಲರ ಮಕ್ಕಳಿಗೂ ಏನಾದರೂ ಮಾಡಬಹುದಲ್ಲ! ಬೇರೆ ಊರುಗಳಲ್ಲೂ ಇಂಥ ಸಂಘಗಳು ಹುಟ್ಟಿ, 1928ರಲ್ಲಿ ಅವುಗಳ ಒಕ್ಕೂಟವಾಯಿತು. ಈಗ ಅಂಥ ಸಂಘಗಳು 100ಕ್ಕೂ ಮೇಲಿವೆ. ಬೇಸಗೆಯಲ್ಲಿ ಹೊಸದಾಗಿ ಸೇರುವ ಮಕ್ಕಳನ್ನೂ ಅವರ ಮನೆಯವರನ್ನೂ ಕರೆದು ಕೂಟ ನಡೆಸುತ್ತಾರೆ. ಪರೀಕ್ಷೆ ಬಂತೆಂದರೆ ತಿಂಡಿಯ ಚೀಲ ಕಟ್ಟುತ್ತಾರೆ. ಸದಸ್ಯತ್ವದ ಹಣ, ಮಾರಾಟದ ಹಣ ಕೂಡಿಸಿ ವಿದ್ಯಾರ್ಥಿವೇತನ ಕೊಡುತ್ತಾರೆ. ವಿದ್ಯಾರ್ಥಿಗಳ ಸಂಘಗಳು ಇಂಥದ್ದಕ್ಕೆ ಇಷ್ಟು ಬೇಕೆಂದು ಅರ್ಜಿ ಬರೆದರೆ ಅವಕ್ಕೂ ಅನುದಾನವುಂಟು.

ಆ ದೇಶದ ಬೇರೆ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಹೆತ್ತವರ ನಿಧಿಯೆಂದೇ ಪ್ರತ್ಯೇಕವಾಗಿರುತ್ತದೆ. ಕೆಲವು ಹಣ ನಮ್ಮ ಉಳಿತಾಯ ಖಾತೆಯಂತೆ, ಬಂದ ವರ್ಷವೇ ಖರ್ಚು. ಕೆಲವು ಕಾಯಂ ಠೇವಣಿಯಂಥ ದತ್ತಿ. ಅಸಲನ್ನು ಬೆಳೆಯಲು ಬಿಟ್ಟು ವರ್ಷಕ್ಕೆ ನೂರಕ್ಕೆ 4 ಅಥವಾ 5ರಷ್ಟನ್ನು ಮಾತ್ರ ತೆಗೆಯುವುದು ವಾಡಿಕೆ. ನಾಟಕದ ಪರದೆ, ಹಸಿದ ಹುಡುಗನಿಗೆ ದವಸದ ಕೋಣೆ, ಮನೆಯಲ್ಲಿ ಸಾವಾದಾಗ ಊರಿಗೆ ಹೋಗುವ ಟಿಕೇಟು, ಇಂಥವಕ್ಕೆ ಇದು ಒದಗುತ್ತದೆ. ಒಂದು ಸ್ವಾರಸ್ಯ ಕೇಳಿ. ಅಲ್ಲಿನ 1974ರ ಕಾಯಿದೆಯ ಪ್ರಕಾರ ಕಾಲೇಜು ಸೇರಿದ ಮಗನ ಅಂಕಪಟ್ಟಿಯ ಮೇಲಿನ ಹಕ್ಕು ಮಗನದೇ. ನಿಧಿಗೆ ಹಣ ಕೊಟ್ಟ ಅಪ್ಪ, ಆ ಕಾರಣಕ್ಕಾಗಿ ಮಗನ ಅಂಕ ತೋರಿಸಿರೆಂದು ಕೇಳುವಂತಿಲ್ಲ! ನಮ್ಮಲ್ಲಿ ಇಂಥ ಕಾಯಿದೆ ಬಂದಿದ್ದರೆ ಎಷ್ಟು ಅಪ್ಪಂದಿರು ಚಂದಾ ಕೊಡುತ್ತಿದ್ದರೋ.

ಎಲ್ಲವೂ ಚೆನ್ನವೆಂದು ನಾವು ಹೇಳುವುದಿಲ್ಲ. ಉಳ್ಳವರ ಮಕ್ಕಳು ಹೆಚ್ಚಿರುವ ಕಡೆ ನಿಧಿ ಉಬ್ಬುತ್ತದೆ, ಇಲ್ಲದ ಕಡೆ ಸೊರಗುತ್ತದೆ. ನಮ್ಮ ಕೋಶಾಧಿಕಾರಿಗಳು ಮೊನ್ನೆ ಇದನ್ನೇ ಎತ್ತಿ ಹೇಳಿದರು. ಮಾತು ಸರಿ. ಆದರೆ ಅವರ ಎರಡನೆಯ ಮಾತನ್ನು, "ಅಂಕಕ್ಕೆ ಕೊಡೋಣ, ಆಟಕ್ಕೆ ಯಾಕೆ?" ಎಂಬುದನ್ನು, ನಾವು ಒಪ್ಪಲಾರೆವು.

ಕಾರಣ ಸ್ವಂತದ್ದು. ಬಿ.ಕಾಂ. ಓದುವಾಗ ನಾವು ಒಂಬತ್ತು ಮಂದಿ ಕನ್ನಡ ಹುಡುಗರು ಸೇರಿ ಒಂದು ನಾಟಕ ಕಟ್ಟಿದೆವು. ಎರಡು ತಿಂಗಳು ತಾಲೀಮು. ಅಂತರ ಕಾಲೇಜು ಸ್ಪರ್ಧೆಗೆ ಹೋಗಲು ವೇಷಭೂಷಣದ ಬಾಡಿಗೆ, ಬಸ್ಸಿನ ಖರ್ಚು ಸೇರಿ 6,000 ರೂಪಾಯಿ ಬೇಕಾಗಿತ್ತು. ಕಾಲೇಜಿನ ಕಚೇರಿಯಲ್ಲಿ ಹೇಳಿದ್ದು, "ಇದಕ್ಕೆ ಲೆಕ್ಕಶೀರ್ಷಿಕೆಯೇ ಇಲ್ಲ." ಮನೆಯಲ್ಲಿ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಾಟಕ ನಿಂತಿತು. ನಮ್ಮಲ್ಲಿ ಒಬ್ಬ, ಊರಿನಿಂದ ಒಂಟಿಯಾಗಿ ಬಂದು ಮಾವನ ಚಾಳಿನ ಕೋಣೆಯಲ್ಲಿ ಇದ್ದವನು, ಆ ತಾಲೀಮಿನಲ್ಲಿ ಮಾತ್ರ ನಗುತ್ತಿದ್ದವನು, ಮುಂದಿನ ವರ್ಷ ಓದು ಬಿಟ್ಟು ಊರಿಗೆ ಹೊರಟುಹೋದ. ನಾಟಕ ಆಡಿದ್ದರೆ ಉಳಿಯುತ್ತಿದ್ದನೆಂದು ಆಣೆಯಿಟ್ಟು ಹೇಳಲಾರೆವು. ಆದರೂ ಆ 6,000 ರೂಪಾಯಿ ಈಗಲೂ ನಮ್ಮ ಲೆಕ್ಕದಲ್ಲಿ ಬಾಕಿಯೆಂದೇ ನಿಂತಿದೆ.

ಇದೇ ಮುಂಬಯಿಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದ ಹುಡುಗರು ಕೋಟೆ ಭಾಗದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದರು. ಅವರ ಹೆತ್ತವರು ದೂರದ ಹಳ್ಳಿಗಳಲ್ಲಿದ್ದರು. ಹೆತ್ತವರ ಜಾಗದಲ್ಲಿ ನಿಂತವರು ಊರಿನ ಜನ. ಹಾಗೆ ನಿಲ್ಲುವುದು ನಮಗೆ ಹೊಸ ವಿದ್ಯೆಯೇನೂ ಅಲ್ಲ.

ಆದ್ದರಿಂದ ಮುಂದಿನ ಮಹಾಸಭೆಗೆ ಒಂದು ಸೂಚನೆ ಕೊಟ್ಟಿದ್ದೇವೆ. ಕಾಲೇಜು ಓದುವ ಮಕ್ಕಳಿರುವ ಮನೆಯವರು ವರ್ಷಕ್ಕೆ 500 ರೂಪಾಯಿ ಕೊಡುವುದು. 40 ಮನೆಗಳಾದರೆ 20,000. ಅರ್ಜಿ ನೋಡುವ ಐವರಲ್ಲಿ ಇಬ್ಬರು ವಿದ್ಯಾರ್ಥಿಗಳೇ ಇರಬೇಕು. ಕೊಟ್ಟವರ ಮಗ, ಕೊಡದವರ ಮಗ ಎಂಬ ಭೇದ ಕೂಡದು. ಲೆಕ್ಕವನ್ನು ಪ್ರತಿ ವರ್ಷದ ಸಂಚಿಕೆಯಲ್ಲಿ ಅಚ್ಚು ಹಾಕತಕ್ಕದ್ದು. ಕೋಶಾಧಿಕಾರಿಗಳು ವಿರೋಧ ಮತ ಹಾಕುವುದಾಗಿ ತಿಳಿಸಿದ್ದಾರೆ. ಆದರೂ ಸೂಚನೆ ಪಾಸಾದರೆ ಲೆಕ್ಕ ಇಡಲು ಒಪ್ಪಿದ್ದಾರೆ. ಮಹಾಸಭೆಗೆ ದಯಮಾಡಿ ತಪ್ಪದೆ ಬನ್ನಿ. ಕಳೆದ ಸಲ ಕೋರಂ ಆಗದೆ ಅರ್ಧ ಗಂಟೆ ಕಾಯಬೇಕಾಯಿತು.