ಒದ್ದೆ ಧಾನ್ಯ ಮತ್ತು ಹಳೆಯ ಕಾರು
(ಕಾನಸೂರಿನಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿಯೂ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಹಾಗೂ ಸಂಗಾತಿಗಳ ಮೇಲೂ ಅಲ್ಲಾಹನ ಕೃಪೆ ಇರಲಿ.

ಪ್ರೀತಿಯ ಸಹೋದರರೇ, ನಮಾಝ್, ಉಪವಾಸಗಳ ಬಗ್ಗೆ ನಾವು ಆಗಾಗ ಮಾತನಾಡುತ್ತೇವೆ. ಇಂದು ವ್ಯವಹಾರದ ಬಗ್ಗೆ, ಅದರಲ್ಲೂ ಹಳೆಯ ಕಾರು ಕೊಳ್ಳುವ ಮತ್ತು ಮಾರುವ ಬಗ್ಗೆ ಮಾತನಾಡೋಣ. ಮಿಂಬರಿನ ಮೇಲೆ ಕಾರಿನ ಮಾತೇಕೆ ಎಂದು ಯಾರಿಗಾದರೂ ಅನಿಸಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ನಮ್ಮ ಎಷ್ಟೋ ಮನೆಗಳಲ್ಲಿ ಕಾರು ಎಂದರೆ ಬೇರೆಯವರು ಓಡಿಸಿ ಬಿಟ್ಟ ಸಣ್ಣ ಕಾರೇ. ವರ್ಷಗಟ್ಟಲೆ ಕೂಡಿಟ್ಟ ಹಣ, ಕೆಲವೊಮ್ಮೆ ಮನೆಯ ಹೆಣ್ಣುಮಕ್ಕಳ ಒಡವೆಯ ಹಣ ಅದಕ್ಕೆ ಹೋಗುತ್ತದೆ. ಆ ಹಣ ಮುಳುಗಿದರೆ ಮತ್ತೆ ಕೂಡಿಸುವುದು ಸುಲಭವಲ್ಲ.

ಪ್ರವಾದಿ(ಸ)ರವರು ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ನಿಂತು ಅದರೊಳಗೆ ಕೈ ಹಾಕಿದರು. ಬೆರಳಿಗೆ ಒದ್ದೆ ತಗುಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಲಿಲ್ಲವೇಕೆ ಎಂದು ವಿಚಾರಿಸಿದರು. ವಂಚಿಸುವವನಿಗೂ ತಮಗೂ ಸಂಬಂಧವಿಲ್ಲವೆಂದು ಎಚ್ಚರಿಸಿದರು. ಅಬೂ ಹುರೈರಾ(ರ)ರವರು ವರದಿ ಮಾಡಿದ ಈ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ.

ಇದರಲ್ಲಿ ನಮಗೆ ಎರಡು ಪಾಠಗಳಿವೆ. ಮಾಲಿನ ದೋಷವನ್ನು ಅಡಗಿಸಬಾರದು ಎಂಬುದು ಒಂದು. ರಾಶಿಯೊಳಗೆ ಕೈ ಹಾಕಿ ನೋಡುವುದು ತಪ್ಪಲ್ಲ ಎಂಬುದು ಇನ್ನೊಂದು. ‘ನಮ್ಮವರೇ ಅಲ್ಲವೇ, ಬಾನೆಟ್ ಎತ್ತಿ ನೋಡಿದರೆ ಬೇಜಾರು ಮಾಡಿಕೊಂಡಾರು’ ಎಂದು ನಾವು ಸುಮ್ಮನಾಗುತ್ತೇವೆ. ಪರೀಕ್ಷಿಸುವುದು ಅಪನಂಬಿಕೆಯಲ್ಲ. ನಂತರ ಹುಟ್ಟುವ ಜಗಳವನ್ನು ಮೊದಲೇ ತಡೆಯುವ ದಾರಿ ಅದು.

ಹಾಗಾದರೆ ಕೈ ಹಾಕಬೇಕಾದದ್ದು ಎಲ್ಲಿ?

ಕಾರನ್ನು ಹಗಲಲ್ಲಿ ನೋಡಿ, ಮಳೆ ಬರುವಾಗ ಬೇಡ. ಒದ್ದೆ ಬಣ್ಣದ ಮೇಲೆ ಗೀರು, ಪುಟ್ಟಿ ಯಾವುದೂ ಕಾಣುವುದಿಲ್ಲ. ನೀವು ಬರುವವರೆಗೆ ಎಂಜಿನ್ ಚಾಲೂ ಮಾಡಬೇಡಿ ಎಂದು ಮೊದಲೇ ಹೇಳಿ. ತಣ್ಣಗಿರುವ ಎಂಜಿನ್ ಚಾಲೂ ಆಗುವಾಗಲೇ ತನ್ನ ಸತ್ಯ ಹೇಳುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿರಬಹುದು. ಆಯಿಲ್ ಮುಚ್ಚಳ ತೆಗೆದು ನೋಡಿ. ಒಳಗೆ ಹಾಲಿನ ಕೆನೆಯಂಥದ್ದು ಅಂಟಿದ್ದರೆ ಹೆಡ್ ಗ್ಯಾಸ್ಕೆಟ್ ಬಗ್ಗೆ ಮೆಕ್ಯಾನಿಕ್‌ಗೆ ತೋರಿಸದೆ ಮುಂದುವರಿಯಬೇಡಿ. ರೇಡಿಯೇಟರ್ ಮುಚ್ಚಳವನ್ನು ಎಂಜಿನ್ ತಣ್ಣಗಿರುವಾಗ ಮಾತ್ರ ತೆಗೆಯಿರಿ.

ನಮ್ಮದು ಮಳೆಯ ಸೀಮೆ, ಘಟ್ಟದ ಕೆಳಗೆ ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ಉಪ್ಪುಗಾಳಿ. ಎರಡೂ ಕಬ್ಬಿಣದ ಶತ್ರುಗಳು. ಬಾಗಿಲಿನ ಕೆಳ ಅಂಚು, ಕಾಲಡಿಯ ತಗಡು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಇವನ್ನು ಬೆರಳಿನಿಂದ ಒತ್ತಿ ನೋಡಿ. ಕಾರ್ಪೆಟ್ ಎತ್ತಿ ನೋಡಿ, ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಅಲ್ಲಿ ಕೆಸರಿನ ಗುರುತು, ಒಳಗೆ ಮುಗ್ಗಲು ವಾಸನೆ ಇದ್ದರೆ ಕಾರು ನೆರೆಯಲ್ಲಿ ನಿಂತಿರಬಹುದು. 2018ರಲ್ಲಿ ಕೇರಳ, ಕೊಡಗಿನಲ್ಲಿಯೂ 2019ರಲ್ಲಿ ಬೆಳಗಾವಿಯಿಂದ ನಮ್ಮ ಜಿಲ್ಲೆಯ ನದೀತೀರದವರೆಗೂ ನೆರೆ ಬಂದದ್ದನ್ನು ನಾವು ಮರೆತಿಲ್ಲ. ನೀರು ಕುಡಿದ ಕಾರಿನ ವೈರಿಂಗ್ ತಿಂಗಳುಗಳ ನಂತರ ಕೈಕೊಡುತ್ತದೆ.

ಬಾನೆಟ್ ಮತ್ತು ಬಾಗಿಲಿನ ಬೋಲ್ಟುಗಳ ಬಣ್ಣ ಕಿತ್ತಿದ್ದರೆ ಅವನ್ನು ಬಿಚ್ಚಿದ್ದಾರೆ ಎಂದು ತಿಳಿಯಿರಿ, ಏಕೆ ಎಂದು ಕೇಳಿ. ಮೀಟರ್ ಮೂವತ್ತು ಸಾವಿರ ತೋರಿಸುತ್ತಿದ್ದು ಪೆಡಲಿನ ರಬ್ಬರ್ ಸವೆದು ನುಣುಪಾಗಿದ್ದರೆ ಮೀಟರಿನ ಮಾತನ್ನು ನಂಬಬೇಡಿ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಟಯರ್ ಒಂದೇ ಬದಿಗೆ ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಸಸ್ಪೆನ್ಷನ್ ಕೆಟ್ಟಿದೆ. ಅಡಿಕೆ ಮೂಟೆ ಹೇರಿ ಓಡಿಸಿದ ಕಾರಿನ ಹಿಂಭಾಗ ತಗ್ಗಿರುತ್ತದೆ, ಅದನ್ನೂ ಗಮನಿಸಿ.

ಊರ ಬೀದಿಯಲ್ಲಿ ಒಂದು ಸುತ್ತು ಹೊಡೆದರೆ ಸಾಲದು. ಏರಿನಲ್ಲಿ ಓಡಿಸಿ. ಎಂಜಿನ್ ಕೂಗಿದರೂ ವೇಗ ಏರದಿದ್ದರೆ ಕ್ಲಚ್ ಸವೆದಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಚಲಿಸುವಾಗ ಟಕ್ ಟಕ್ ಎಂದರೆ ಮುಂಚಕ್ರದ ಆ್ಯಕ್ಸೆಲ್ ಜಾಯಿಂಟ್ ಹೋಗಿದೆ. ಬ್ರೇಕ್ ಒತ್ತಿದಾಗ ಕಾರು ಒಂದು ಕಡೆಗೆ ಎಳೆಯಬಾರದು. ದೇವಿಮನೆ ಘಟ್ಟ, ಅರಬೈಲು ಘಟ್ಟ ಇಳಿಯಬೇಕಾದ ನಮಗೆ ಇದು ಜೀವದ ಪ್ರಶ್ನೆ.

ಕೊನೆಗೆ ಕಾಗದ. ಆರ್‌ಸಿಯಲ್ಲಿರುವ ಎಂಜಿನ್, ಚಾಸಿ ನಂಬರುಗಳನ್ನು ಕಾರಿನ ಮೇಲಿನ ನಂಬರಿನೊಂದಿಗೆ ತಾಳೆ ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ನವೀಕರಿಸಬೇಕು. ಸಾಲ ಇದ್ದರೆ ಅದು ತೀರಿದ ಪತ್ರ ಮತ್ತು ಫಾರ್ಮ್ 35 ಕೇಳಿ. ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿಸಿ ಕಪಾಟಿನಲ್ಲಿ ಇಟ್ಟುಕೊಳ್ಳಬೇಡಿ, ಆರ್‌ಟಿಒ ಕಚೇರಿಗೆ ಕೊಟ್ಟು ಹೆಸರು ಬದಲಿಸಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ನೀಡಿದೆ. ಹಾಗಾಗಿ ಇದು ಮಾರುವವರ ರಕ್ಷಣೆಗೂ ಬೇಕು. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಿ.

ಸಹೋದರರೇ, ಇಷ್ಟೆಲ್ಲ ಹೇಳುವ ನಾವೂ ಒಮ್ಮೆ ಎಡವಿದ್ದೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ಕಾರನ್ನು ಮಾರಿದೆವು. ಅದರ ಎಂಜಿನ್ ನೀರು ಕುಡಿಯುತ್ತಿತ್ತು, ನಮಗೆ ಗೊತ್ತಿತ್ತು. ಕೊಳ್ಳುವವರು ಬರುವ ಬೆಳಿಗ್ಗೆ ನೀರು ತುಂಬಿಸಿ ಇಟ್ಟೆವು. ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ‘ನೋಡಿಯೇ ತೆಗೆದುಕೊಂಡರಲ್ಲ’ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು. ಎರಡು ವಾರದ ನಂತರ ತಾಯಿಯನ್ನು ಕುಮಟೆಯ ಆಸ್ಪತ್ರೆಯಿಂದ ಕರೆತರುವಾಗ ಘಟ್ಟದ ನಡುವೆ ಕಾರು ಕುದಿದು ನಿಂತಿತು. ಆ ವೃದ್ಧೆ ಮಳೆಯಲ್ಲಿ ರಸ್ತೆ ಬದಿ ಕುಳಿತಿದ್ದರು. ಮುಂದೆ ಒಂದು ನಿಕಾಹ್‌ನಲ್ಲಿ ಭೇಟಿಯಾದಾಗ ಆ ಮನುಷ್ಯ ಜಗಳವಾಡಲಿಲ್ಲ. ‘ನಿಮಗೆ ಗೊತ್ತಿತ್ತೇ?’ ಎಂದಷ್ಟೇ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ರಿಪೇರಿಯ ಖರ್ಚನ್ನು ಮರಳಿಸಿ ಕ್ಷಮೆ ಕೇಳಿದೆವು. ಆ ತಾಯಿಯ ಮುಂದೆ ನಿಲ್ಲುವಾಗ ಆದ ನಾಚಿಕೆ ಇಂದಿಗೂ ಇದೆ.

ಬಹಳ ಮಂದಿ ಹೀಗೆ ಯೋಚಿಸುತ್ತೇವೆ: ನಮಗೂ ಮೋಸವಾಗಿದೆ, ಮುಂದಿನವನಿಗೆ ದಾಟಿಸಿ ನಷ್ಟ ತುಂಬಿಕೊಳ್ಳೋಣ. ಮೋಸ ಹೋದವನಿಗೆ ಮೋಸ ಮಾಡುವ ಹಕ್ಕು ಹುಟ್ಟುವುದಿಲ್ಲ. ಅಡಗಿಸಿದ ದೋಷ ತಿಳಿದಾಗ ಮಾಲನ್ನು ಮರಳಿಸುವ ಹಕ್ಕನ್ನು ಶರೀಅತ್ ಕೊಳ್ಳುವವನಿಗೆ ಕೊಟ್ಟಿದೆ. ಮಾರುವವನೂ ಕೊಳ್ಳುವವನೂ ಸತ್ಯ ಹೇಳಿ ದೋಷ ತಿಳಿಸಿದರೆ ವ್ಯಾಪಾರದಲ್ಲಿ ಬರಕತ್ ಇರುತ್ತದೆ, ಅಡಗಿಸಿದರೆ ಅದು ಅಳಿಸಿಹೋಗುತ್ತದೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಸಹಾಬಿ ಜರೀರ್ ಬಿನ್ ಅಬ್ದುಲ್ಲಾಹ್(ರ)ರವರಿಗಾಗಿ ಸೇವಕನೊಬ್ಬ 300 ದಿರ್ಹಮ್‌ಗೆ ಕುದುರೆ ಕುದುರಿಸಿದಾಗ, ಅದು ಹೆಚ್ಚು ಬೆಲೆಬಾಳುತ್ತದೆ ಎಂದು ಮಾರುವವನಿಗೆ ತಾವೇ ಹೇಳಿ 800 ಕೊಟ್ಟರೆಂದು ವರದಿಯಿದೆ. ಆ ಕಾಲದ ವಾಹನವದು. ನಾವು ಅಷ್ಟು ಎತ್ತರಕ್ಕೆ ಏರದಿದ್ದರೂ ಇದ್ದದ್ದನ್ನು ಇದ್ದಂತೆ ಹೇಳಬಹುದಲ್ಲವೇ?

ಗ್ಯಾರೇಜಿನಲ್ಲಿ ದುಡಿಯುವ ನಮ್ಮ ಯುವಕರಿಗೆ ಒಂದು ಮಾತು. ಕಾರು ನೋಡಿ ಹೇಳಿ ಎಂದು ಒಬ್ಬರು ನಿಮ್ಮನ್ನು ಕರೆದರೆ ನಿಮ್ಮ ಮಾತು ಅಮಾನತ್. ಅವರಿಗೆ ತಿಳಿಯದಂತೆ ಮಾರುವವನಿಂದ ಕಮಿಷನ್ ಪಡೆದು ‘ಗಾಡಿ ಚೆನ್ನಾಗಿದೆ’ ಎನ್ನಬೇಡಿ. ಕೊಳ್ಳುವವರೂ ಅವರನ್ನು ಪುಕ್ಕಟೆ ಕರೆಯದೆ ಕೂಲಿ ಕೊಟ್ಟು ಕರೆದೊಯ್ಯಿರಿ.

ಮನೆಯಲ್ಲಿ ಮಾರಬೇಕಾದ ಗಾಡಿ ಇದ್ದರೆ ಅದರ ದೋಷಗಳನ್ನು ಒಂದು ಹಾಳೆಯಲ್ಲಿ ಬರೆದು ಕೊಳ್ಳುವವರ ಕೈಗೆ ಕೊಡಿ. ಬೆಲೆ ನಾಲ್ಕು ಸಾವಿರ ಕಡಿಮೆಯಾದೀತು. ಘಟ್ಟದಲ್ಲಿ ಯಾರ ತಾಯಿಯೂ ಮಳೆಯಲ್ಲಿ ಕೂರಬೇಕಾಗುವುದಿಲ್ಲ.

ಅಲ್ಲಾಹನು ನಮ್ಮ ಸಂಪಾದನೆಯನ್ನು ಹಲಾಲ್ ಆಗಿಸಲಿ, ನಮ್ಮ ಪ್ರಯಾಣಗಳನ್ನು ಸುರಕ್ಷಿತವಾಗಿಸಲಿ, ಅಡಗಿಸಿದ್ದನ್ನು ಒಪ್ಪಿಕೊಂಡು ತಿದ್ದಿಕೊಳ್ಳುವ ಧೈರ್ಯ ಕೊಡಲಿ. ಆಮೀನ್.