ಲೋಹದ ಗಾಜೂ ಬೆಂಕಿಯ ಹದವೂ



ಕೆರೆಬಿಳಚಿಯ ಸುತ್ತಿನ ಒಕ್ಕಲು ಮಕ್ಕಳಿಗೆ ಕಮ್ಮಾರನ ಕುಲುಮೆಯು ಹೊಸದಲ್ಲ. ಉಕ್ಕಿನ ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಗಡುಸಾಗುವುದು, ಜೊತೆಗೇ ಪೆಡಸಾಗುವುದು. ಆದಕಾರಣ ಅದನ್ನು ಮರಳಿ ಹದವಾಗಿ ಕಾಯಿಸಿ ಪೆಡಸುತನವನ್ನು ಇಳಿಸುವರು. ನೆರೆಯ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಆರಂಭವಾಗುವುದಕ್ಕೆ ಎಷ್ಟೋ ಮೊದಲೇ ಈ ಹದವು ಹಳ್ಳಿಯ ಕೈಗಳಿಗೆ ತಿಳಿದಿತ್ತು. ಆದರೆ ಇದೇ ಅನುಭವವನ್ನು ಲೋಹದ ಗಾಜಿಗೆ ಅನ್ವಯಿಸಹೊರಟವನು ಮೋಸಹೋಗುವನು.

ಗಾಜೆಂದೊಡನೆ ಕಿಟಕಿಯ ಗಾಜನ್ನು ಊಹಿಸಬಾರದು; ಇದು ನೋಟಕ್ಕೆ ಲೋಹವೇ ಸರಿ. ಸಾಧಾರಣ ಲೋಹದಲ್ಲಿ ಪರಮಾಣುಗಳು ಹರಳುಗಳೊಳಗೆ ಸಾಲುಸಾಲಾಗಿ ಕುಳಿತಿರುತ್ತವೆ. ಕರಗಿದ ಮಿಶ್ರಲೋಹವನ್ನು ಅತಿವೇಗದಿಂದ ತಣಿಸಿದರೆ ಸಾಲುಗೂಡಲು ಅವಕ್ಕೆ ವೇಳೆಯೇ ದೊರೆಯದೆ, ದ್ರವದ ಅಸ್ತವ್ಯಸ್ತತೆಯಲ್ಲಿಯೇ ಹೆಪ್ಪುಗಟ್ಟುವುವು. 1960ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಪೋಲ್ ಡುವೆಜ್ ಮತ್ತು ಅವರ ಸಂಗಡಿಗರು ಚಿನ್ನ ಸಿಲಿಕಾನುಗಳ ಮಿಶ್ರಣವನ್ನು ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಡಿಗ್ರಿಯ ವೇಗದಿಂದ ತಣಿಸಿ ಇದನ್ನು ಪಡೆದರು. ಮುಂದೆ ಜಿರ್ಕೋನಿಯಂ ಮೊದಲಾದವುಗಳ ಬೆರಕೆಯಿಂದ ಬೆರಳುಗಾತ್ರದ ಸರಳುಗಳೂ ಸಾಧ್ಯವಾದವು.

ಈ ಗಾಜಿನ ಪರಮಾಣುಗಳ ನಡುವೆ ತುಸು ತೆರಪು ಉಳಿದಿರುತ್ತದೆ. ಭಾರ ಬಿದ್ದಾಗ ಆ ತೆರಪಿನ ದೆಸೆಯಿಂದಲೇ ಅವು ಒಂದಿಷ್ಟು ಸರಿದು, ಬಿರುಕಿನ ತುದಿಯ ಬಿಗುವನ್ನು ಸಡಿಲಿಸುವುವು. ಹರಳು ಹುಟ್ಟದಷ್ಟು ಮೆಲುಕಾವಿನಲ್ಲಿ ಗಾಜನ್ನು ಕೆಲವು ಕಾಲ ಇರಿಸಿದರೆ ಪರಮಾಣುಗಳು ಒತ್ತೊತ್ತಾಗಿ ಕೂಡಿ ತೆರಪು ಕುಗ್ಗುವುದು. ಸಾಂದ್ರತೆಯೂ ಗಡಸುತನವೂ ಸ್ವಲ್ಪ ಏರುವುವು; ಪೆಟ್ಟು ತಾಳುವ ಶಕ್ತಿ ಮಾತ್ರ ಕುಸಿಯುವುದು. ಉಕ್ಕನ್ನು ಉಳಿಸಿದ ಮೆಲುಕಾವೇ ಇಲ್ಲಿ ಕೇಡಾಯಿತು! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಪದ್ರಷ್ಟ ರಾಮಮೂರ್ತಿಯವರೂ ಸಹೋದ್ಯೋಗಿಗಳೂ 2002 ಮತ್ತು 2005ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಜಿರ್ಕೋನಿಯಂ ಗಾಜನ್ನು ಪರೀಕ್ಷಿಸಿ ಇದನ್ನು ತೋರಿಸಿಕೊಟ್ಟರು. ಗಡಸುತನವೊಂದನ್ನೇ ಅಳೆದು ತೃಪ್ತನಾದ ಯಂತ್ರಶಿಲ್ಪಿಗೆ ಇದು ಕಣ್ಣು ತೆರೆಸತಕ್ಕ ಸಂಗತಿ.

ಕಾವು ಇನ್ನೂ ಏರಿದರೆ ಹರಳುಗಳು ಹುಟ್ಟಿ ಗಾಜುತನವೇ ಅಳಿಯುವುದು. ಅದು ಎಲ್ಲೆಡೆಯೂ ಹಾನಿಯಲ್ಲ. 1988ರಲ್ಲಿ ಜಪಾನಿನ ಯೋಶಿಜಾವ ಮೊದಲಾದವರು ಕಬ್ಬಿಣಪ್ರಧಾನವಾದ ಗಾಜಿಗೆ ಅಲ್ಪ ತಾಮ್ರವನ್ನೂ ನಿಯೋಬಿಯಂ ಧಾತುವನ್ನೂ ಬೆರೆಸಿ, ಸುಮಾರು 550 ಡಿಗ್ರಿಯಲ್ಲಿ ಕಾಯಿಸಿ, ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನಷ್ಟು ಸಣ್ಣ ಹರಳುಗಳನ್ನು ಬರಿಸಿದರು. ಅದರ ಕಾಂತಗುಣವು ಬಹು ಮೇಲಾಯಿತು.

ತೋಟದ ಪಂಪಿಗೆ ವಿದ್ಯುತ್ತನ್ನು ಒದಗಿಸುವ ಟ್ರಾನ್ಸ್‌ಫಾರ್ಮರುಗಳಲ್ಲಿಯೂ ಕೆಲವಕ್ಕೆ ಲೋಹದ ಗಾಜಿನ ಪಟ್ಟಿಯನ್ನು ಸುತ್ತಿ ಮಾಡಿದ ತಿರುಳಿರುತ್ತದೆ. ಒಳಬಿಗುವನ್ನು ಕಳೆದು ವಿದ್ಯುತ್ತಿನ ನಷ್ಟವನ್ನು ತಗ್ಗಿಸಲು ಆ ತಿರುಳನ್ನು ಕಾಯಿಸಲೇಬೇಕು. ಕಾಯಿಸಿದರೆ ಪಟ್ಟಿಯು ಪೆಡಸಾಗದೆ ಇರದು. ಆದುದರಿಂದ ಕತ್ತರಿಸುವ, ಸುತ್ತುವ, ಆಕಾರ ಕೊಡುವ ಕೆಲಸವನ್ನು ಒಲೆಗೆ ಇಡುವ ಮೊದಲೇ ಮುಗಿಸಿ, ಬಳಿಕ ಅದನ್ನು ಹಪ್ಪಳದಂತೆ ಜೋಪಾನವಾಗಿ ಎತ್ತಿಡುವರು.