ಕಸುಬು ಬದಲಿಸಿದ ಸ್ನಾಯು

ಮೊಣಕೈಯ ಒಳಬದಿ ಬಾಗಿಲಿಗೆ ತಾಗಿದರೆ ಕಿರುಬೆರಳಿನವರೆಗೂ ಜುಮ್ಮೆನ್ನುವುದು ನಮಗೆಲ್ಲ ಪರಿಚಿತವಾದ ಅನುಭವ. ಅಲ್ಲಿ ಮೂಳೆಗೆ ಆತುಕೊಂಡು, ಚರ್ಮದ ಅಡಿಯಲ್ಲೇ, ಒಂದು ನರ ಹಾಯುತ್ತದೆ. ಅಂಗೈಯ ಸಣ್ಣ ಸ್ನಾಯುಗಳಲ್ಲಿ ಹೆಚ್ಚಿನವು ಅದರ ಆಜ್ಞೆಯಂತೆ ನಡೆಯುತ್ತವೆ. ಆ ನರ ಕೆಟ್ಟರೆ ಅವು ಸೊರಗುತ್ತವೆ; ಬೆರಳುಗಳು ಹದ್ದಿನ ಉಗುರಿನಂತೆ ಮುರುಟಿಕೊಳ್ಳುತ್ತವೆ. ಅನ್ನ ಕಲಸುವುದೂ ಲೋಟ ಹಿಡಿಯುವುದೂ ದುಸ್ತರವಾಗುತ್ತದೆ. ಗಾಯದಿಂದ ಹೀಗಾಗುವುದುಂಟು, ನಮ್ಮ ದೇಶದಲ್ಲಿ ಕುಷ್ಠರೋಗ ಅಸಂಖ್ಯ ಕೈಗಳನ್ನು ಹೀಗೆ ಮಾಡಿತು.

ತುಂಡಾದ ನರವನ್ನು ಹೊಲಿಯಬಹುದು. ಆದರೆ ಅದು ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. ಅಂಗೈ ತಲುಪುವಷ್ಟರಲ್ಲಿ ಸ್ನಾಯು ಮತ್ತೆ ಚೇತರಿಸದಷ್ಟು ಕ್ಷೀಣಿಸಿರಬಹುದು. ಕುಷ್ಠದಿಂದ ಬಹುಕಾಲದ ಹಿಂದೆ ನಾಶವಾದ ನರಕ್ಕಂತೂ ಈ ಆಸೆಯೂ ಇಲ್ಲ.

1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಅವರು ಚೆಂಗಲ್ಪಟ್ಟಿನ ಕುಷ್ಠ ಚಿಕಿತ್ಸಾಲಯದಲ್ಲಿ ರೋಗಿಯೊಬ್ಬನ ಕೈ ಹಿಡಿದು ನೋಡಿದರು. ಮುರುಟಿದ ಆ ಕೈ ಅವರ ಕೈಯನ್ನು ನೋಯುವಷ್ಟು ಬಲವಾಗಿ ಅದುಮಿತು. ಹಾಗಾದರೆ ಮುಂಗೈಯಲ್ಲಿ ಬಲವಾದ ಸ್ನಾಯುಗಳು ಉಳಿದಿವೆ! ಬೇರೆ ಗಾಯಗಳಲ್ಲಿ ಆಗಲೇ ಬಳಕೆಯಲ್ಲಿದ್ದ ಸ್ನಾಯು ಸ್ಥಳಾಂತರದ ವಿದ್ಯೆಯನ್ನು ಅವರು ಈ ಕೈಗಳಿಗೆ ತಂದರು.

ಪ್ರತಿ ಬೆರಳಿಗೂ ಬಗ್ಗಿಸುವ ಸ್ನಾಯುರಜ್ಜುಗಳು ಎರಡಿವೆ. ಒಂದು ಬೆರಳಿನಿಂದ ಒಂದು ರಜ್ಜುವನ್ನು ಬಿಡಿಸಿ, ಎಳೆಎಳೆಯಾಗಿ ಸೀಳಿ, ಅಂಗೈಯೊಳಗಿಂದ ಹಾಯಿಸಿ ಬೆರಳುಗಳ ಪಕ್ಕಕ್ಕೆ ಹೊಲಿಯುತ್ತಾರೆ. ಅದೇ ಎಳೆತ ಬೆರಳ ಬುಡವನ್ನು ಬಗ್ಗಿಸಿ ತುದಿಯನ್ನು ನೆಟ್ಟಗಾಗಿಸುತ್ತದೆ. ಕೆಲವು ವಾರ ಕಳೆದು ಪಟ್ಟಿ ಬಿಚ್ಚಿದ ಮೇಲೆ ರೋಗಿಯ ಪಾಠ ಆರಂಭ. ಸ್ನಾಯು ಹಳೆಯದು, ಕಸುಬು ಹೊಸದು. ಹಳೆಯ ಬೆರಳನ್ನು ಬಗ್ಗಿಸಲು ಯತ್ನಿಸುತ್ತ, ಮಗು ಅಕ್ಷರ ತಿದ್ದುವಂತೆ, ಹೊಸ ಚಲನೆಯನ್ನು ಕಲಿಯಬೇಕು.

ವೈದ್ಯನಾದ ನನ್ನನ್ನು ಬಹಳವಾಗಿ ಚಿಂತನೆಗೆ ಹಚ್ಚಿದ್ದು ಮುಂದಿನ ಸಂಗತಿ. ಬೆರಳು ನೇರವಾದವರಿಗೆ ಭಿಕ್ಷೆ ಹುಟ್ಟಲಿಲ್ಲ. ಕುಷ್ಠವೆಂಬ ಭಯದಿಂದ ಕೆಲಸ ಕೊಡುವವರೂ ಇರಲಿಲ್ಲ. ವೈದ್ಯಕೀಯಕ್ಕೆ ಮುನ್ನ ಬಡಗಿ ಕೆಲಸವನ್ನೂ ಕಲಿತಿದ್ದ ಬ್ರಾಂಡ್, ವೆಲ್ಲೂರಿನಲ್ಲಿ ನವಜೀವ ನಿಲಯವನ್ನು ಕಟ್ಟಿ ಅವರಿಗೆ ಮರಗೆಲಸ ಕಲಿಸಿದರು. ಶಸ್ತ್ರಚಿಕಿತ್ಸೆ ಚಲನೆಯನ್ನು ಕೊಡುತ್ತದೆ, ಸ್ಪರ್ಶಜ್ಞಾನವನ್ನು ಕೊಡಲಾರದು. ಆದ್ದರಿಂದ ಉಳಿ ಹಿಡಿದ ಕೈಗೆ ಕಣ್ಣೇ ಕಾವಲಾಗಬೇಕಿತ್ತು.

ಈ ಚಿಕಿತ್ಸೆ ಹೊಸ ಬಲವನ್ನು ಸೃಷ್ಟಿಸದು. ಉಳಿದ ಬಲಕ್ಕೆ ಕೆಲಸ ಕೊಡುತ್ತದೆ. ಅಷ್ಟನ್ನು ವೈದ್ಯ ಮಾಡಬಲ್ಲ. ಆ ಕೈಗೆ ಕೆಲಸ ಕೊಡಬೇಕಾದವರು ನಾವು.